ಹದಿನಾರು ಪುಟದ ಬಲ

ತಿದ್ದುಪಡಿ ತನ್ನ ನಲವತ್ತೇಳು ವರ್ಷದ ಬಾಳಿನಲ್ಲಿ ಎತ್ತಿದ ಅತಿ ಭಾರದ ವಸ್ತು ಯಾವುದು ಎಂದು ಯಾರಾದರೂ ಕೇಳಿದ್ದರೆ, ಅವನ ಹೆಂಡತಿ ಒಂದು ಕ್ಷಣವೂ ಯೋಚಿಸದೆ ಹೇಳುತ್ತಿದ್ದಳು: “ನಿಘಂಟು. ಅದೂ ಎರಡು ಕೈಯಲ್ಲಿ.”

ಕಸುಬಿನಿಂದ ಅವನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಹೊಟ್ಟೆಪಾಡಿಗೆ ತಿದ್ದಿದ್ದು ಸಾಲದೆಂದು ಉಳಿದ ಹೊತ್ತಿನಲ್ಲೂ ತಿದ್ದುತ್ತಿದ್ದ. ಕಟ್ಟಡದ ಸಂಘದ ಕಾರ್ಯದರ್ಶಿ “ಮೆಟ್ಟಲಿನ ಮೇಲೆ ಚಪ್ಪಲಿ ಬಿಡಬಾರದು” ಎಂದು ಬರೆದು ಅಂಟಿಸಿದರೆ, ಸಂಜೆಯೊಳಗೆ ಅದರ ಮೇಲೆ ಕೆಂಪು ಪೆನ್ನಿನಲ್ಲಿ ‘ಮೆಟ್ಟಿಲಿನ’ ಎಂದಾಗಿರುತ್ತಿತ್ತು. ಹೆಂಡತಿ ಬರೆದ ಸಾಮಾನಿನ ಚೀಟಿ ಅಂಗಡಿ ತಲುಪುವಷ್ಟರಲ್ಲಿ ಅದಕ್ಕೆ ಪೂರ್ಣವಿರಾಮಗಳು ಬಿದ್ದಿರುತ್ತಿದ್ದವು. ಹೀಗಾಗಿ ಕಟ್ಟಡದವರೆಲ್ಲ ಸೇರಿ ಇಟ್ಟ ಹೆಸರೇ ತಿದ್ದುಪಡಿ. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಕಾಗುಣಿತ ಸರಿಯಾಗಿತ್ತಲ್ಲ, ಅಷ್ಟು ಸಾಕು.

ಅನಾಹುತ ಶುರುವಾದದ್ದು ಒಂದು ಚಿಕ್ಕ ಪುಸ್ತಕದಿಂದ. ಕಾರ್ಖಾನೆಯ ಕೆಲಸಗಾರರಿಗೆ ಹಂಚಲು ಯಾರೋ ಅಚ್ಚು ಹಾಕಿಸುತ್ತಿದ್ದ ಪುಸ್ತಕ: ‘ಭಾರ ಎತ್ತುವ ಮತ್ತು ಇಳಿಸುವ ಸರಿಯಾದ ಕ್ರಮ’. ಮೂವತ್ತೆರಡು ಪುಟ, ಅಂದರೆ ಹದಿನಾರು ಪುಟದ ಎರಡು ಫಾರಂ. ಮೊದಲ ಫಾರಂ ತಿದ್ದುಪಡಿಯ ಮೇಜಿಗೆ ಬಂತು, ಎರಡನೆಯದು ಪಕ್ಕದ ಮೇಜಿನವರಿಗೆ ಹೋಯಿತು. ಕಸುಬಿನ ನಿಯಮದಂತೆ ತಿದ್ದುಪಡಿ ತನ್ನ ಹದಿನಾರು ಪುಟವನ್ನು ಮೂರು ಸಲ ಓದಿದ. ಮೊದಲ ಸಲ ಅಕ್ಷರ ನೋಡಿದ, ಎರಡನೆಯ ಸಲ ಚಿಹ್ನೆ ನೋಡಿದ. ಮೂರನೆಯ ಸಲ ನೋಡುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ ಅರ್ಥ ನೋಡಿದ. ಅಲ್ಲೇ ಕೆಟ್ಟದ್ದು.

ಅಂದಿನಿಂದ ಅವನ ಕಣ್ಣಿಗೆ ಮನುಷ್ಯರು ಕಾಣುವುದು ನಿಂತುಹೋಗಿ ಸ್ನಾಯುಗಳು ಕಾಣತೊಡಗಿದವು. ಹೆಂಡತಿ ನೀರಿನ ಬಕೆಟ್ಟಿಗೆ ಬಗ್ಗಿದರೆ ಸಾಕು, “ನಿಲ್ಲು! ಬೆನ್ನು ನೆಟ್ಟಗೆ! ಮೊಣಕಾಲು ಮಡಚು! ಎತ್ತೋದು ತೊಡೆ ಕಣೆ, ಬೆನ್ನಲ್ಲ!” ಎಂದು ಹಾಲ್‌ನಿಂದ ಕೂಗುತ್ತಿದ್ದ.

“ತೊಡೆಯಲ್ಲಿ ಬಕೆಟ್ ಹಿಡಿಯೋಕಾಗುತ್ತೇನ್ರೀ? ಬಂದು ನೀವೇ ಎತ್ತಿ.”

“ನಾನು ತತ್ವ ಹೇಳ್ತಾ ಇದ್ದೀನಿ,” ಎಂದು ಅವನು ಮತ್ತೆ ಪೇಪರ್ ಹಿಡಿಯುತ್ತಿದ್ದ.

ಇದೆಲ್ಲ ಮನೆಯೊಳಗೇ ಮುಗಿದುಹೋಗುತ್ತಿತ್ತೋ ಏನೋ, ಆದರೆ ಅದೇ ವಾರ ಮಾವನ ಬೀರು ಬರುವುದಿತ್ತು.

ಮಾವ ಎಂದರೆ ಹೆಂಡತಿಯ ತಂದೆ. ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಹಮಾಲಿ. ಈಗ ಊರಿನ ಆ ತುದಿಯಲ್ಲಿ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಮೊಣಕಾಲು ಸವೆದಿತ್ತು. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು, ಪಕ್ಕದ ಮನೆಯವರಿಗೆ ಗೊತ್ತಾಗುವವರೆಗೆ ಅರ್ಧ ದಿನ ಅಲ್ಲೇ ಬಿದ್ದಿದ್ದರು. ಅಂದಿನಿಂದ ಮಗಳಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಬಂದು ನಮ್ಮ ಜೊತೆ ಇರಿ ಎಂದು ಬೇಡಿದಳು, ಅತ್ತಳು, ಜಗಳವನ್ನೂ ಆಡಿದಳು. ಕೊನೆಗೆ ಮುದುಕರು ಒಂದು ಷರತ್ತು ಹಾಕಿದರು.

“ಬೀರು ಬಿಟ್ಟು ನಾನು ಬರಲ್ಲ. ನಿಮ್ಮಮ್ಮನ ಸೀರೆ ಎಲ್ಲ ಅದರಲ್ಲಿದೆ. ನಿಮ್ಮ ಮೂರನೇ ಮಹಡಿಗೆ ಬೀರು ಹತ್ತಿದ್ರೆ ನಾನೂ ಹತ್ತುತೀನಿ. ಹತ್ತಲಿಲ್ಲ ಅಂದ್ರೆ ಅದರ ಜೊತೆ ವಾಪಸ್ ಹೋಗ್ತೀನಿ. ಆಮೇಲೆ ನೀನು ಮತ್ತೆ ಕರೀಬಾರದು.”

“ಆಯ್ತಪ್ಪ,” ಎಂದಳು ಮಗಳು. ಬೀರು ಹತ್ತದೆ ಏನು?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋದಲ್ಲಿ ಬೀರು ಬಂತು. ಆಳೆತ್ತರದ ಹಳೆಯ ಕಬ್ಬಿಣದ ಬೀರು, ಹಸಿರು ಬಣ್ಣ, ಬೀಗ ಹಾಕಿತ್ತು. ಬೀಗದ ಕೈ ಮುದುಕರ ಒಳಜೇಬಿನಲ್ಲಿತ್ತು. ನಾಲ್ಕು ಜನ ಹಮಾಲಿಗಳು ಅದನ್ನು ಕೆಳಗಿಳಿಸಿ ಮೆಟ್ಟಿಲಿನ ಬುಡಕ್ಕೆ ತರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಹಮಾಲಿಗಳ ಮೇಸ್ತ್ರಿ ಟವೆಲ್ಲನ್ನು ತಲೆಗೆ ಸುತ್ತಿ, ಸೊಂಟ ಬಗ್ಗಿಸಿ, ಬೀರುವಿನ ಕಾಲಿಗೆ ಕೈ ಹಾಕಿದ.

“ನಿಲ್ಲಿ!” ಎಂಬ ಕೂಗು ಬಂತು. ಕೈಯಲ್ಲಿ ಕರಡು, ಕಿವಿಯ ಮೇಲೆ ಕೆಂಪು ಪೆನ್ನು ಇಟ್ಟುಕೊಂಡು ತಿದ್ದುಪಡಿ ಮೆಟ್ಟಿಲಿಳಿದು ಬಂದ. “ಇದೇನು ಭಂಗಿ ಇದು? ಬೆನ್ನು ಬಿಲ್ಲಿನ ಹಾಗೆ ಬಗ್ಗಿದೆ!”

“ಬಗ್ಗದೆ ಎತ್ತೋದು ಹೇಗೆ ಸ್ವಾಮಿ?” ಎಂದ ಮೇಸ್ತ್ರಿ. “ಅದಿರಲಿ, ಇದರೊಳಗೆ ಏನೋ ಇದೆ. ಇಂಥ ಬೀರು ನಾವು ನೂರು ಎತ್ತಿದ್ದೀವಿ, ಇಷ್ಟು ಭಾರ ಇರಲ್ಲ.”

“ಒಳಗಿರೋದು ನಮ್ಮತ್ತೆಯವರ ಸೀರೆ. ಭಾರ ಇರೋದು ಬೀರುವಿನಲ್ಲಲ್ಲ ಮೇಸ್ತ್ರಿ, ನಿಮ್ಮ ಭಂಗಿಯಲ್ಲಿ. ಕುಕ್ಕರಗಾಲಲ್ಲಿ ಕೂರಿ. ಹಾಂ. ಗಲ್ಲ ಮೇಲೆ. ಎದೆ ಮುಂದೆ. ಈಗ ಹೊಟ್ಟೆಯ ಸ್ನಾಯು ಬಿಗಿ ಮಾಡಿ.”

ಮೇಸ್ತ್ರಿ ಬಡಪಾಯಿ ಹೇಳಿದ ಹಾಗೆಲ್ಲ ಮಾಡಿದ. ಹಾಗೆ ಕೂತವನು ಒಂದು ನಿಮಿಷ ಆ ಕಡೆ ಈ ಕಡೆ ಓಲಾಡಿ, “ಹೀಗೆ ಕೂತ್ರೆ ನನ್ನನ್ನ ಎತ್ತೋಕೇ ಇನ್ನೊಬ್ಬ ಹಮಾಲಿ ಬೇಕು,” ಎಂದು ಗೋಡೆ ಹಿಡಿದು ಎದ್ದ. ಉಳಿದ ಮೂವರು ಮುಖ ತಿರುಗಿಸಿ ನಕ್ಕರು. ಮೇಸ್ತ್ರಿಯ ಮುಖ ಕೆಂಪಗಾಯಿತು. “ಸ್ವಾಮಿ, ನಮಗೆ ಎತ್ತೋಕೆ ಬರಲ್ಲ ಅಂತ ಇವತ್ತು ಗೊತ್ತಾಯ್ತು. ನೀವೇ ಎತ್ತಿ. ಇನ್ನೊಂದು ದಿನ ಬಂದು ನೋಡಿ ಕಲ್ತುಕೊಳ್ತೀವಿ,” ಎಂದವನೇ ಟೆಂಪೋ ಹತ್ತಿದ. ಟೆಂಪೋ ಹೋಗಿಯೇಬಿಟ್ಟಿತು.

“ರೀ! ಕೆಲಸ ಗೊತ್ತಿರೋರನ್ನ ಕಳಿಸಿಬಿಟ್ರಲ್ಲಾ!” ಹೆಂಡತಿ ತಲೆ ಮೇಲೆ ಕೈ ಹೊತ್ತಳು. “ಅಪ್ಪ ಇವತ್ತು ವಾಪಸ್ ಹೋದ್ರೆ ಇನ್ಯಾವತ್ತೂ ಬರಲ್ಲ, ಗೊತ್ತಲ್ಲ?”

“ಗೊತ್ತು ಕಣೆ. ಅದಕ್ಕೇ ವೈಜ್ಞಾನಿಕವಾಗಿ ಎತ್ತೋಣ ಅಂತಿರೋದು.”

ಮಾವ ಕೆಳಗಿನ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ತಿದ್ದುಪಡಿ ಅವರ ಬಳಿ ಹೋಗಿ ಮೆಲ್ಲಗೆ, ಬೇಸರದ ಸುದ್ದಿ ಮುಟ್ಟಿಸುವವನ ದನಿಯಲ್ಲಿ ಹೇಳಿದ: “ಮಾವ, ತಪ್ಪು ತಿಳೀಬೇಡಿ. ಈ ಪುಸ್ತಕದ ಪ್ರಕಾರ ನೀವು ನಲವತ್ತು ವರ್ಷ ತಪ್ಪಾಗಿ ಎತ್ತಿದ್ದೀರಿ.”

“ಹೂಂ,” ಎಂದರು ಮಾವ. “ಯಾರಾದ್ರೂ ಹೇಳಬೇಕಿತ್ತು.”

ನಾಲ್ಕು ಜನ ಬೇಕಿತ್ತು. ಅಂಗಡಿಯವರನ್ನು ಗಲ್ಲಾ ಬಿಟ್ಟು ಎಬ್ಬಿಸಲಾಯಿತು. ಮೊದಲ ಮಹಡಿಯಿಂದ ವಿಮೆಯವರು ಬಂದರು. ದಿನಾ ಕಸರತ್ತು ಮಾಡಿ ತೋಳು ಬೆಳೆಸಿದವರು, ಪಾಲಿಸಿ ಮಾಡಿಸದೆ ಯಾರನ್ನೂ ಬಿಟ್ಟವರಲ್ಲ. ಮೂರನೇ ಮಹಡಿಯಿಂದ ಸಂಘದ ಕಾರ್ಯದರ್ಶಿ ಬಂದರು. ಎತ್ತುವುದಕ್ಕಲ್ಲ, ಗೋಡೆಯ ಸುಣ್ಣಕ್ಕೆ ಏಟು ಬೀಳದಂತೆ ನೋಡಿಕೊಳ್ಳಲು. ಆದರೆ ಒಬ್ಬರು ಕಡಿಮೆ ಇದ್ದುದರಿಂದ ಸಿಕ್ಕಿಬಿದ್ದರು. ನಾಲ್ಕನೆಯವನು ತಿದ್ದುಪಡಿಯೇ. ಎರಡನೇ ಮಹಡಿಯ ಅಜ್ಜಿ ಕಂಬಿಯ ಮೇಲೆ ಗಲ್ಲವಿಟ್ಟುಕೊಂಡು ಮೇಲಿನಿಂದ ನೋಡುತ್ತಾ ನಿಂತರು.

ಎತ್ತುವ ಮೊದಲು ಪಾಠ ನಡೆಯಿತು.

“ಬೆನ್ನು ಅನ್ನೋದು ಒಂದು ಸನ್ನೆ. ಸೊಂಟದಲ್ಲಿರೋದು ಆ ಸನ್ನೆಯ ಆಧಾರ,” ಎಂದ ತಿದ್ದುಪಡಿ.

“ಸೊಂಟದಲ್ಲಿ ಸನ್ನೆ ಮಾಡ್ತಾರಂತೆ,” ಎಂದು ಅಜ್ಜಿ ಮೇಲಿನಿಂದ ಯಾರಿಗೋ ವರದಿ ಒಪ್ಪಿಸಿದರು. “ಈ ವಯಸ್ಸಲ್ಲಿ!”

“ಕೋಲು, ಅಜ್ಜಿ, ಸನ್ನೆಕೋಲು! ಇನ್ನು ಸ್ನಾಯುಗಳು. ದೇಹದಲ್ಲಿ ಎಲ್ಲಕ್ಕಿಂತ ದೊಡ್ಡ ಸ್ನಾಯು ಯಾವುದು?”

ವಿಮೆಯವರು ಮಾತಾಡದೆ ತಮ್ಮ ತೋಳು ಮಡಚಿ ತೋರಿಸಿದರು.

“ತಪ್ಪು. ಪೃಷ್ಠದ ಸ್ನಾಯು. ಎತ್ತುವಾಗ ಅದನ್ನೇ ನಂಬಬೇಕು.”

“ಪೃಷ್ಠ ಅಂದ್ರೆ?” ಅಂಗಡಿಯವರು ಕೇಳಿದರು. ತಿದ್ದುಪಡಿ ಸಂಕೋಚದಿಂದ ತೋರಿಸಿದ. ಅಂಗಡಿಯವರ ಮುಖ ಅರಳಿತು. “ಹಾಗಿದ್ರೆ ಚಿಂತೆ ಬಿಡಿ. ಮೂವತ್ತು ವರ್ಷ ಗಲ್ಲಾ ಮುಂದೆ ಕೂತು ನಾನು ಬೆಳೆಸಿರೋದೇ ಅದನ್ನ.”

ಮೇಲಿನಿಂದ ಎಳೆಯಲು ವಿಮೆಯವರು ಮತ್ತು ಕಾರ್ಯದರ್ಶಿ, ಕೆಳಗಿನಿಂದ ನೂಕಲು ಅಂಗಡಿಯವರು ಮತ್ತು ತಿದ್ದುಪಡಿ. ಅಪ್ಪಣೆ ತಿದ್ದುಪಡಿಯದು. ಒಪ್ಪಲೇಬೇಕಾದ ಸಂಗತಿಯೆಂದರೆ ಮೊದಲ ಮಹಡಿಯವರೆಗೆ ಬೀರು ಹತ್ತಿತು. ಮೆಟ್ಟಿಲಿಗೊಂದು ಸಲ ನಿಂತು, ನಾಲ್ವರ ಕಣ್ಣೂ ಹೊರಗೆ ಬಂದು, ಕಾರ್ಯದರ್ಶಿಯವರ ಅಂಗಿಯ ಎರಡು ಗುಂಡಿ ಹಾರಿ, ಹತ್ತಿತು. ತಿದ್ದುಪಡಿಗೆ ಧೈರ್ಯ ಬಂತು. ಮೊದಲ ಮತ್ತು ಎರಡನೇ ಮಹಡಿಯ ನಡುವೆ ಮೆಟ್ಟಿಲು ತಿರುಗುವ ಕಡೆ, ಪೂರ್ತಿ ಶಕ್ತಿ ಬೇಕಾದ ಜಾಗದಲ್ಲಿ, ಪುಸ್ತಕದ ಏಳನೇ ಪುಟವನ್ನು ನೆನೆದು ಗಂಟಲು ಹರಿಯುವಂತೆ ಕೂಗಿದ:

“ಬಲ!”

ಅವನ ಮನಸ್ಸಿನಲ್ಲಿದ್ದದ್ದು ಶಕ್ತಿ. ಅಂಗಡಿಯವರಿಗೂ ಹಾಗೇ ಕೇಳಿಸಿ ಪೃಷ್ಠವನ್ನು ನಂಬಿ ನೂಕಿದರು. ಆದರೆ ಮೇಲಿದ್ದ ಇಬ್ಬರೂ ಮೆಟ್ಟಿಲು ತಿರುಗುವ ಕಡೆ ನಿಂತಿದ್ದವರು. ಅವರಿಗೆ ‘ಬಲ’ ಎಂದರೆ ಬಲಗಡೆ. ಇಬ್ಬರೂ ಬಲಕ್ಕೆ ಎಳೆದರು. ವಿಮೆಯವರು ಮೇಲ್ಮುಖವಾಗಿ ನಿಂತಿದ್ದರು, ಕಾರ್ಯದರ್ಶಿ ಕೆಳಮುಖವಾಗಿದ್ದರು, ಆದ್ದರಿಂದ ಇಬ್ಬರ ಬಲವೂ ಬೇರೆ ಬೇರೆ.

“ಯಾವ ಕಡೆ ಬಲ ರೀ?”

“ಕಡೆ ಅಲ್ಲ! ತೊಡೆ! ತೊಡೆಯ ಬಲ!”

“ಬಲ ತೊಡೆನಾ? ನಾನು ಎಡ ತೊಡೆ ಮೇಲೆ ನಿಂತಿದ್ದೀನಿ!”

“ಎರಡೂ ತೊಡೆ ಬಲ!”

“ಎರಡು ತೊಡೆನೂ ಬಲಕ್ಕೆ ಇರುತ್ತೇನ್ರೀ ಯಾರಿಗಾದ್ರೂ!”

ಬೀರು ಒಂದು ಸಲ ಕಿರ್ರೆಂದು ಓರೆಯಾಗಿ ತಿರುಗಿ, ಒಂದು ಮೂಲೆ ಗೋಡೆಗೆ, ಇನ್ನೊಂದು ಮೂಲೆ ಕಬ್ಬಿಣದ ಕಂಬಿಗೆ ಸಿಕ್ಕಿ, ಗಟ್ಟಿಯಾಗಿ ನಿಂತುಬಿಟ್ಟಿತು. ನಾಲ್ವರೂ ಕೈ ಬಿಟ್ಟರು. ಬೀರು ಅಲ್ಲಾಡಲಿಲ್ಲ. ಕಟ್ಟಿದಾಗಿನಿಂದ ಆ ಕಟ್ಟಡದಲ್ಲಿ ಅಷ್ಟು ಭದ್ರವಾದ ಗೋಡೆ ಇನ್ನೊಂದು ಇರಲಿಲ್ಲ.

ಹೀಗೆ ಕಟ್ಟಡ ಎರಡು ಭಾಗವಾಯಿತು. ಮೇಲಿದ್ದವರು ಕೆಳಗೆ ಬರುವಂತಿಲ್ಲ, ಕೆಳಗಿದ್ದವರು ಮೇಲೆ ಹೋಗುವಂತಿಲ್ಲ. ವಿಮೆಯವರ ಹೆಂಡತಿ ಮೊದಲ ಮಹಡಿಯ ಬಾಗಿಲಲ್ಲಿ ನಿಂತು, ತಿಂಡಿ ಆರುತ್ತಿದೆ ಎಂದು ಗಂಡನಿಗೆ ಬೀರುವಿನ ಮೂಲಕ ಕೂಗಿ ಹೇಳಿದರು. ವಿಮೆಯವರು ಆ ಕಡೆಯಿಂದ ಕಾರ್ಯದರ್ಶಿಗೆ, “ನೋಡಿ, ಸೊಂಟಕ್ಕೂ ಒಂದು ಪಾಲಿಸಿ ಇದೆ,” ಎಂದು ಶುರುಮಾಡಿದರು. ಅಷ್ಟರಲ್ಲಿ, ಭಾನುವಾರವೂ ಬಿಡದೆ ಬಂದು ಮೊದಲೇ ಮೇಲೆ ಹತ್ತಿದ್ದ ಕರೆಂಟ್ ಮೀಟರ್ ಓದುವವನು ಮೂರನೇ ಮಹಡಿಯಿಂದ ಇಳಿದು ಬಂದು ಬೀರುವಿನ ಮುಂದೆ ನಿಂತ.

“ಯಾರ್ರೀ ಇದು? ದಾರಿ ಬಿಡಿ. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡೋದು ಅಪರಾಧ, ಗೊತ್ತಾ?”

“ನಾನಲ್ಲ, ಬೀರು,” ಎಂದ ತಿದ್ದುಪಡಿ ಆ ಕಡೆಯಿಂದ.

“ಹಾಗಿದ್ರೆ ಬೀರು ಮೇಲೆ ದೂರು ಬರೀತೀನಿ!”

“ಬರೀರಿ, ಬರೀರಿ,” ಎಂದರು ಅಜ್ಜಿ ಉತ್ಸಾಹದಿಂದ. “ಬರೆದು ಅವರ ಕೈಗೇ ಕೊಡಿ, ತಿದ್ದಿ ಕೊಡ್ತಾರೆ.”

ಕಾರ್ಯದರ್ಶಿ ಹಾರಿದ ಗುಂಡಿಗಳ ಜಾಗದಲ್ಲಿ ಅಂಗಿ ಹಿಡಿದುಕೊಂಡು ತೀರ್ಪು ಹೇಳಿದರು. “ತಿದ್ದುಪಡಿಯವರೇ, ಇದು ಮೇಲೆ ಬರಲ್ಲ. ಕಂಬಿ ಕೊಯ್ಯೋಕೆ ನಾನು ಬಿಡಲ್ಲ. ಕೆಳಗಿಳಿಸಿ, ಎಲ್ಲಿಂದ ಬಂತೋ ಅಲ್ಲಿಗೆ ಕಳಿಸಿ. ಇಳಿಸೋದು ಹೇಗೆ ಅಂತ ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ, ಓದಿ.”

ತಿದ್ದುಪಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರಡಿನ ಹದಿನಾರನೇ ಪುಟ ತೆಗೆದು ಕೊನೆಯ ಸಾಲು ಓದಿದ. “ಇನ್ನು ಭಾರವನ್ನು ಇಳಿಸುವಾಗ ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಏನೆಂದರೆ...”

“ಏನೆಂದರೆ?” ಮೇಲಿನವರು, ಕೆಳಗಿನವರು, ಮೀಟರಿನವನು, ಎಲ್ಲರೂ ಒಟ್ಟಿಗೆ ಕೇಳಿದರು.

“ಅಷ್ಟೇ. ಮುಂದಿನದು ಎರಡನೇ ಫಾರಂ. ಅದು ಪಕ್ಕದ ಮೇಜಿನವರು ಓದಿದ್ದಾರೆ.”

ಆಗ ಕೆಳಗಿನಿಂದ ಮಾವನ ದನಿ ಕೇಳಿಸಿತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಅವರು ಮೊದಲ ಮಹಡಿಗೆ ಬಂದಿದ್ದರು. “ಬಿಡಿ ಅಳಿಯಂದಿರೇ. ನಿಮ್ಮ ಪ್ರಯತ್ನ ನೀವು ಮಾಡಿದಿರಿ. ಆ ಮೇಸ್ತ್ರಿನ ಕರೆಸಿ, ಇಳಿಸಿಕೊಡ್ತಾನೆ. ಮಗಳೇ, ನಾನು ಹೊರಡ್ತೀನಿ. ಮಾತು ಮಾತೇ.”

ಅಪ್ಪನ ಹಿಂದೆಯೇ ಹತ್ತಿ ಬಂದಿದ್ದ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬೀರುವನ್ನೇ ನೋಡುತ್ತಾ ನಿಂತಳು. ಕಣ್ಣು ತುಂಬಿ ಹರಿಯುತ್ತಿತ್ತು.

ತಿದ್ದುಪಡಿ ಹೆಂಡತಿಯ ಮುಖ ನೋಡಿದ. ಕರಡನ್ನು ಕೆಳಗೆ ಎಸೆದ. ಬೀರುವಿನ ಅಡಿಗೆ ಹೋದ. ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಗಲ್ಲವನ್ನು ಎದೆಗೆ ಒತ್ತಿ, ಉಸಿರು ಬಿಗಿಹಿಡಿದು, ಅಂದರೆ ನಾಲ್ಕನೇ ಪುಟದಲ್ಲಿ ‘ಖಂಡಿತ ಮಾಡಬಾರದ್ದು’ ಎಂಬ ತಲೆಬರಹದ ಕೆಳಗೆ ಕೊಟ್ಟಿದ್ದ ಅಷ್ಟನ್ನೂ ಒಟ್ಟಿಗೆ ಮಾಡಿ, ಭುಜ ಕೊಟ್ಟು ಒಂದೇ ಸಲ ಎತ್ತಿದ.

ಎರಡು ಸದ್ದು ಕೇಳಿಸಿದವು. ‘ಕಳಕ್’ ಎಂದದ್ದು ಸೊಂಟ. ‘ಠಣ್’ ಎಂದದ್ದು ಬೀರುವಿನ ಬೀಗ. ಬಾಗಿಲು ತೆರೆದುಕೊಂಡಿತು. ಹಳೆಯ ಕಂಬಳಿಯ ಗಂಟೊಂದು ಹೊರಗೆ ಬಿದ್ದು, ಅಂಗಡಿಯವರು ಹಾರಿ ಪಕ್ಕಕ್ಕೆ ಸರಿಯುತ್ತಿದ್ದಂತೆ ಢಣ್, ಢಣ್, ಢಣ್ ಎಂದು ಮೆಟ್ಟಿಲಿಳಿದು ಮಾವನ ಪಾದದ ಹತ್ತಿರ ಬಂದು ನಿಂತಿತು. ಕಂಬಳಿ ಬಿಚ್ಚಿಕೊಂಡಿತ್ತು. ಒಳಗಿದ್ದದ್ದು ಸೀರೆಯಲ್ಲ, ಹಿಡಿಯಿದ್ದ ಎರಕದ ಕಬ್ಬಿಣದ ತೂಕದ ಕಲ್ಲು. ಅದರ ಮೇಲೆ ಇಪ್ಪತ್ತು ಕಿಲೋ ಎಂದು ಕೆತ್ತಿತ್ತು. ಬೀರುವಿನ ಕೆಳಗಿನ ಖಾನೆಯಲ್ಲಿ ಅಂಥವು ಇನ್ನೂ ನಾಲ್ಕು ಇದ್ದವು.

“ಅಪ್ಪಾ, ಇದು ಗೂಡ್ಸ್ ಷೆಡ್ಡಿಂದು ಅಲ್ವಾ?” ಎಂದಳು ಮಗಳು. “ಹೊಸ ತಕ್ಕಡಿ ಬಂದಾಗ ಎಸೀತಿದ್ರು ಅಂತ ಮನೆಗೆ ತಂದಿದ್ರಿ. ಇದರ ಮೇಲೆ ಕೂತೇ ನಾನು ಊಟ ಮಾಡ್ತಿದ್ದೆ. ಅಮ್ಮನ ಸೀರೆ ಜೊತೆ ಇದ್ಯಾಕೆ?”

ಮಾವ ಕಂಬಳಿಯ ತುದಿಯನ್ನು ಕಾಲಿನಿಂದ ಕಲ್ಲಿನ ಮೇಲೆ ಸರಿಸಿದರು.

“ನಾಲ್ಕು ಜನ ಎಷ್ಟು ಎತ್ತಬಲ್ಲರು, ಎಷ್ಟಕ್ಕೆ ಕೈ ಎತ್ತಿಬಿಡ್ತಾರೆ ಅಂತ ನನಗೆ ಗೊತ್ತು. ಅಷ್ಟೇ ತುಂಬಿದೆ. ಬೀರು ಹತ್ತಲಿಲ್ಲ ಅಂದ್ರೆ ತಪ್ಪು ಬೀರುದು. ನಾನು ಬರಲ್ಲ ಅಂತ ನಿನ್ನ ಮನಸ್ಸು ನೋಯಿಸಬೇಕಾಗಿಲ್ಲ. ಮುಂದೆ ಯಾವತ್ತೋ ನಿಮಗೆ ಬೇಜಾರಾಗಿ ನೀವು ಒಳಗೊಳಗೇ ಸಹಿಸಿಕೊಳ್ಳೋದೂ ಬೇಕಾಗಿಲ್ಲ.” ಅವರ ದನಿ ಒಡೆಯಿತು. “ನಲವತ್ತು ವರ್ಷ ಕಂಡವರ ಭಾರ ಹೊತ್ತೆ ಕಣಮ್ಮ. ಈಗ ನಾನೇ ಭಾರ ಆಗೋದು ಅಂದ್ರೆ ನನ್ನ ಕೈಲಿ ಆಗಲ್ಲ.”

ಅಜ್ಜಿ ಕೂಡ ಕಂಬಿಯ ಮೇಲಿಂದ ಗಲ್ಲ ತೆಗೆದರು. ಆದರೆ ‘ಭಾರ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ತಿದ್ದುಪಡಿಯಿಂದಾಗುವ ಕೆಲಸವೇ? ಸೊಂಟ ಹಿಡಿದುಕೊಂಡು ಅವನು ಲಂಬಕೋನದಲ್ಲಿ ಬಗ್ಗಿ ನಿಂತುಬಿಟ್ಟಿದ್ದ, ನೆಟ್ಟಗಾಗಲು ಆಗುತ್ತಿರಲಿಲ್ಲ. ಹಾಗೇ ನಾಲ್ಕು ಮೆಟ್ಟಿಲು ಇಳಿದು ಬಂದು ಮಾವನ ಪಾದಗಳನ್ನು ನೋಡುತ್ತಲೇ ಮಾತಾಡಿದ.

“ಮಾವ, ಭಾರದ ವಿಷಯ ದಯವಿಟ್ಟು ನನ್ನ ಹತ್ರ ಮಾತಾಡಿ. ಒಂಬತ್ತನೇ ಪುಟ, ಮೂರನೇ ಪ್ಯಾರಾ. ಹತ್ತು ಕಿಲೋನ ಕೈ ಚಾಚಿ ದೂರ ಹಿಡಿದ್ರೆ ಸೊಂಟದ ಸ್ನಾಯುಗೆ ಅದು ನೂರು ಕಿಲೋ ಆಗುತ್ತೆ. ಅದೇ ಹತ್ತು ಕಿಲೋನ ಎದೆಗೆ ಒತ್ತಿ ಹಿಡಿದ್ರೆ ಅಷ್ಟು ಭಾರ ಅನ್ನಿಸೋದೇ ಇಲ್ಲ. ಇವಳನ್ನ ನೋಡಿ. ಎರಡು ತಿಂಗಳಿಂದ ನಿಮ್ಮನ್ನ ಊರಿನ ಆ ತುದೀಲಿ ಇಟ್ಟು ಇಲ್ಲಿಂದ ಹೊರ್ತಾ ಇದ್ದಾಳೆ. ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ಬಂದಿಲ್ಲ ಅಂದ್ರೂ ಧಸಕ್ ಅನ್ನುತ್ತೆ. ಭಾರ ಅಂದ್ರೆ ಅದು. ನೀವು ಹತ್ತಿರ ಬನ್ನಿ, ಇವಳಿಗೆ ಹಗುರ ಆಗುತ್ತೆ. ಇದು ನಾನು ಹೇಳ್ತಿರೋದಲ್ಲ ಮಾವ, ಒಂಬತ್ತನೇ ಪುಟ.”

ಮಗಳು ಎರಡು ಹೆಜ್ಜೆ ಮುಂದೆ ಬಂದು ಅಪ್ಪನ ತೋಳಿಗೆ ಹಣೆ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು. ಮುದುಕರ ಕೈ ಅವಳ ತಲೆಯ ಮೇಲೆ ಆಡಿತು. ಆಮೇಲೆ ಅವರು ಕಣ್ಣೊರೆಸಿಕೊಂಡು ಬೀರುವಿನ ಕಡೆ ತಿರುಗಿದರು. ದನಿಯೇ ಬೇರೆಯಾಗಿತ್ತು.

“ಅಂಗಡಿಯವರೇ, ಕಲ್ಲುಗಳನ್ನ ತೆಗೆದು ಪಕ್ಕಕ್ಕಿಡಿ. ಇನ್ನು ಯಾರೂ ಎಡ, ಬಲ ಅನ್ನಬಾರದು. ಷೆಡ್ಡಲ್ಲಿ ನಾವು ಆ ಮಾತು ಆಡ್ತಾನೇ ಇರಲಿಲ್ಲ. ನಾಲ್ಕು ಜನಕ್ಕೆ ನಾಲ್ಕು ಬಲ. ಗೋಡೆ ಎಲ್ಲರಿಗೂ ಒಂದೇ, ಕಂಬಿ ಎಲ್ಲರಿಗೂ ಒಂದೇ. ಗೋಡೆ ಅಂದ್ರೆ ಗೋಡೆ ಕಡೆ, ಕಂಬಿ ಅಂದ್ರೆ ಕಂಬಿ ಕಡೆ. ತಿಳೀತಾ? ಮೇಲಿನವರು ಸ್ವಲ್ಪ ಗೋಡೆ... ಇನ್ನೊಂಚೂರು ಗೋಡೆ... ಹಾಂ!”

ಬೀರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿಕೊಂಡಿತು. ಸಂದಿ ಸಿಕ್ಕ ಕೂಡಲೇ ಮೀಟರಿನವನು ನುಸುಳಿ ಕೆಳಗೆ ಬಂದ. ಓಡಿಹೋಗುತ್ತಾನೆ ಎಂದುಕೊಂಡರೆ, ಚೀಲವನ್ನು ಕಂಬಿಗೆ ತಗುಲಿಸಿ, ತಿದ್ದುಪಡಿಯ ಜಾಗದಲ್ಲಿ ಅಂಗಡಿಯವರ ಪಕ್ಕ ನಿಂತು ತೋಳು ಮಡಚಿದ. “ಹೇಳಿ ಯಜಮಾನ್ರೇ, ಗೋಡೆನಾ ಕಂಬಿನಾ?”

ಕಾಲು ಗಂಟೆಯಲ್ಲಿ ಬೀರು ಮೂರನೇ ಮಹಡಿಯಲ್ಲಿತ್ತು. ಅದರ ಹಿಂದೆ ಮಗಳ ತೋಳು ಹಿಡಿದು ಮಾವ ಹತ್ತಿದರು. ಎಲ್ಲರಿಗಿಂತ ಕೊನೆಗೆ, ಲಂಬಕೋನದಲ್ಲೇ, ತಿದ್ದುಪಡಿ ಹತ್ತಿದ.

ಸಂಜೆ ಅವನು ಹಾಲ್‌ನ ಚಾಪೆಯ ಮೇಲೆ ಬೋರಲು ಮಲಗಿದ್ದ. ಮಾವ ಪಕ್ಕದಲ್ಲಿ ಕೂತು ಎಣ್ಣೆ ಬಿಸಿಮಾಡಿಸಿ ಅವನ ಸೊಂಟ ತಿಕ್ಕುತ್ತಿದ್ದರು. ನಲವತ್ತು ವರ್ಷ ಜೊತೆಗಾರರ ಸೊಂಟ ತಿಕ್ಕಿದ ಕೈ. ಯಾವ ಸ್ನಾಯು ಎಲ್ಲಿದೆ ಎಂದು ಅವರಿಗೆ ಪುಸ್ತಕದ ಹಂಗಿಲ್ಲದೆ ಗೊತ್ತಿತ್ತು.

“ನಿಮ್ಮ ಸೊಂಟ ನೆಟ್ಟಗಾಗೋವರೆಗೆ ಇರ್ತೀನಿ ಅಳಿಯಂದಿರೇ,” ಎಂದರು ಮಾವ ಮೆಲ್ಲಗೆ. “ಆಮೇಲೆ ಬೀರು ಇಳಿಸಿಬಿಡೋಣ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಆಗಲ್ಲ ಮಾವ,” ಎಂದ ತಿದ್ದುಪಡಿ ಚಾಪೆಗೆ ಮುಖವಿಟ್ಟುಕೊಂಡೇ. “ನನಗೆ ಬರೋದು ಎತ್ತೋದು ಮಾತ್ರ. ಇಳಿಸೋ ಫಾರಂ ನಾನು ಓದಿಲ್ಲ.”

“ಹೂಂ,” ಎಂದರು ಮಾವ. ಎಣ್ಣೆಯ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೆ ತಿಕ್ಕತೊಡಗಿತು.

ನಾಲ್ಕು ದಿನ ಬಿಟ್ಟು ಅವನು ಕೆಲಸಕ್ಕೆ ಹೋದಾಗ ಪಕ್ಕದ ಮೇಜಿನವರು ರಜೆಯಲ್ಲಿದ್ದರು. ಎರಡನೇ ಫಾರಂ, ಕೊನೆಯ ಸಲ ನೋಡಿ ಕೊಡಲೆಂದು, ತಿದ್ದುಪಡಿಯ ಮೇಜಿನ ಮೇಲೆ ಕಾದಿತ್ತು. ಅವನು ಅದನ್ನು ಮುಟ್ಟಲೂ ಹೆದರುವವನಂತೆ ಎರಡು ಬೆರಳಲ್ಲಿ ಹಿಡಿದು ಯಜಮಾನರ ಮುಂದೆ ಇಟ್ಟ.

“ಏನ್ರೀ ಇದು? ಒಂದು ಗೆರೆನೂ ಎಳೆದಿಲ್ಲ! ಓದಲೇ ಇಲ್ವಾ?” ಎಂದರು ಯಜಮಾನರು. ಇಪ್ಪತ್ತೆರಡು ವರ್ಷದಲ್ಲಿ ಅವನು ಓದದೆ ವಾಪಸ್ ಕೊಟ್ಟ ಮೊದಲ ಕರಡು ಅದು.

“ಬೇರೆಯವರಿಗೆ ಕೊಡಿ ಸಾರ್,” ಎಂದ ತಿದ್ದುಪಡಿ ಕೈಮುಗಿದು. “ಅದನ್ನ ಓದಿದ್ರೆ ನನಗೆ ಮನೇಲಿ ತೊಂದ್ರೆ ಆಗುತ್ತೆ.”